ನಮ್ಮ ಬೀದಿಯವನು

ಬಸ್ ನಿಲ್ದಾಣದಲ್ಲಿ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಹಿಂದಿನಿಂದ ಮೈಕಮ್ಮ ಎನ್ನುತ್ತಿದ್ದರು. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ತಡ, ಯಾವುದು ರದ್ದು ಎಂದು ದಿನವಿಡೀ ಗಾಜಿನ ಗೂಡಿನಲ್ಲಿ ಕೂತು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ದನಿ ಅಂಥದ್ದು. ಬಸ್ಸು ರದ್ದಾಗಿದೆ ಎಂದು ಅವಳು ಹೇಳಿದರೆ ಬೈಯಲು ಬಾಯಿ ತೆರೆದವರೂ ಸುಮ್ಮನೆ ಚೀಲ ಎತ್ತಿಕೊಂಡು ಬೆಂಚಿಗೆ ಮರಳುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು, ಸ್ವಲ್ಪ ಹೆಚ್ಚೇ ಗೊತ್ತಿತ್ತು. ತರಕಾರಿ ಅಂಗಡಿಯವನು ದನಿ ಗುರುತು ಹಿಡಿದು ತಲೆ ಎತ್ತಿ ನೋಡಿದ ದಿನ ಅವಳು ಚೌಕಾಸಿ ಮಾಡುತ್ತಿರಲಿಲ್ಲ.

ಈ ಕೆಲಸ ಸಿಕ್ಕಿದ್ದು ಅಣ್ಣನಿಂದ. ಅಪ್ಪ ಬೇಗ ಹೋದ ಮೇಲೆ ಅವಳನ್ನು ಓದಿಸಿ ದಡ ಸೇರಿಸಿದವನು ಅವನೇ. ಆಗ ಅವನು ಇದೇ ಸಾರಿಗೆ ಸಂಸ್ಥೆಯ ಡ್ರೈವರ್. ನಿಲ್ದಾಣದ ಅಧಿಕಾರಿಯ ಕೋಣೆಯ ಮುಂದೆ ನಿಂತು, "ಒಂದ್ಸಲ ದನಿ ಕೇಳಿ ಸಾರ್, ಆಮೇಲೆ ಬೇಡ ಅನ್ನಿ" ಎಂದು ದುಂಬಾಲು ಬಿದ್ದು ಅವಳನ್ನು ಒಳಗೆ ಕಳಿಸಿದ್ದ. ತಂಗಿಯನ್ನು ದಡ ಸೇರಿಸುವ ಗಡಿಬಿಡಿಯಲ್ಲಿ ತಾನು ಮದುವೆಯಾಗುವುದನ್ನು ಮರೆತ, ಅಥವಾ ಹಾಗೆಂದು ಹೇಳಿಕೊಳ್ಳುತ್ತಿದ್ದ. ಈಗ ತಂಗಿಯ ಮನೆಯ ಮಹಡಿಯ ಕೋಣೆಯಲ್ಲಿ ಇರುತ್ತಾನೆ, ಕುಡಿಯುತ್ತಾನೆ. ಒಂದು ಬೆಳಿಗ್ಗೆ ಡ್ಯೂಟಿಗೆ ಮೊದಲು ಊದಿಸುವ ಯಂತ್ರ ಕಿರುಚಿಕೊಂಡಿತು. ಸ್ಟೇರಿಂಗ್‌ನಿಂದ ಇಳಿಸಿ ನಿಲ್ದಾಣದ ಹಿಂಭಾಗದ ಟೈರ್ ವಿಭಾಗಕ್ಕೆ ಹಾಕಿದರು. ಅಲ್ಲಿ ಚಕ್ರದ ನಟ್ಟು ಬಿಚ್ಚುವಾಗ ಮಧ್ಯಾಹ್ನದವರೆಗೂ ಅವನ ಕೈ ನಡುಗುವುದನ್ನು ನೋಡದವರಿಲ್ಲ. ಆದರೆ ಊರಿಗೆಲ್ಲ ಗೊತ್ತಿರುವ ವಿಷಯವನ್ನು ತಮಗೊಬ್ಬರಿಗೇ ಗೊತ್ತಿರುವ ಗುಟ್ಟು ಎಂದುಕೊಳ್ಳುವುದರಲ್ಲಿ ಮನೆಯವರನ್ನು ಮೀರಿಸಿದವರಿಲ್ಲ. ಮೈಕಮ್ಮನೂ ಹಾಗೇ ಅಂದುಕೊಂಡಿದ್ದಳು.

ಹೋದ ವಾರ ಅಣ್ಣ ಮಹಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಎಬ್ಬಿಸಲು ಹೋದರೆ ಕಂಬಿಯನ್ನು ಬಿಡಲಿಲ್ಲ.

"ನನ್ನ ಕೈಲಿ ಬಿಡೋಕೆ ಆಗ್ತಿಲ್ಲ ಕಣೇ" ಎಂದ. "ಎಲ್ಲಾದ್ರೂ ಸೇರಿಸು. ನೀನು ಹೇಳಿದ ಕಡೆ ಹೋಗ್ತೀನಿ."

ಅವನು ಹಾಗೆ ಕೇಳಿದ್ದು ಅದೇ ಮೊದಲು. ಇಂಥ ಮಾತು ದಿನಾ ಬರುವುದಿಲ್ಲ, ಬಂದಾಗ ಹಿಡಿದುಕೊಳ್ಳಬೇಕು ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಅವಳ ಗಂಡನೂ, "ಮನಸ್ಸು ಬದಲಾಗೋದರೊಳಗೆ ಹುಡುಕು" ಎಂದ, ಆಮೇಲೆ ದನಿ ತಗ್ಗಿಸಿ, "ಆದರೆ ಯಾರಿಗೂ ಗೊತ್ತಾಗದ ಹಾಗೆ" ಎಂದ. ಅದನ್ನು ಅವಳಿಗೆ ಹೇಳಬೇಕಾಗಿರಲಿಲ್ಲ.

ಮೊದಲು ಸಹಾಯವಾಣಿಗೆ ಫೋನ್ ಮಾಡಿದಳು. ದನಿ ಗುರುತು ಸಿಗದಿರಲೆಂದು ಮೂಗಿನಲ್ಲಿ ಮಾತಾಡಿದಳು. ಆ ಕಡೆಯ ಹುಡುಗಿ ಒಳ್ಳೆಯವಳು, ಆತುರವಿಲ್ಲದೆ ಕೇಳಿಸಿಕೊಂಡಳು.

"ನಿಮ್ಮ ಊರಿನ ಆಸ್ಪತ್ರೆಯಲ್ಲೇ ಚಟ ಬಿಡಿಸೋ ವಾರ್ಡ್ ಇದೆಯಲ್ಲ ಮೇಡಂ. ಚೆನ್ನಾಗಿದೆ. ಬಸ್ ಸ್ಟ್ಯಾಂಡಿಂದ ನಡ್ಕೊಂಡೇ ಹೋಗಬಹುದು."

"ಅದೇ ತೊಂದರೆ ಆಗಿರೋದು. ರಾಜ್ಯದೊಳಗೆ ಬೇರೆ ಎಲ್ಲೆಲ್ಲಿದೆ ಹೇಳಿ."

ಹುಡುಗಿ ಹೇಳುತ್ತಾ ಹೋದಳು, ಮೈಕಮ್ಮ ಬೇಡ ಎನ್ನುತ್ತಾ ಹೋದಳು. ಬೇರೆಯವರು ಇಂಥ ಜಾಗ ಹುಡುಕುವಾಗ ಡಾಕ್ಟರು ಇದ್ದಾರೆಯೇ, ಊಟ ಹೇಗೆ ಎಂದು ನೋಡುತ್ತಾರೆ. ಇವಳು ರೂಟು ನೋಡಿದಳು. ಬಂದರಿನ ಊರಿಗೆ ಹೋಗುವ ಕಂಡಕ್ಟರು ಗಂಡನ ಗೆಳೆಯ, ಬೇಡ. ಗಣಿಯ ಕಡೆಯ ಡ್ರೈವರುಗಳೆಲ್ಲ ಅಣ್ಣನ ಜೊತೆ ಕಲಿತವರು, ಬೇಡವೇ ಬೇಡ. ಗಡಿಯ ಊರಿನಲ್ಲಿ ಕೇಂದ್ರ ಇರುವುದೇ ಡಿಪೋ ಎದುರಿಗೆ. ಇಡೀ ರಾಜ್ಯದಲ್ಲಿ ಅವಳು ದಿನಕ್ಕೊಮ್ಮೆಯಾದರೂ ಹೆಸರು ಕೂಗದ ಊರೇ ಇರಲಿಲ್ಲ. ಅಷ್ಟು ದೊಡ್ಡ ರಾಜ್ಯ ನಾಲ್ಕು ದಿನದಲ್ಲಿ ಅಂಗೈಯಷ್ಟಾಗಿಬಿಟ್ಟಿತು.

ನದಿ ದಂಡೆಯ ಊರಿನಲ್ಲಿ ಒಂದು ಖಾಸಗಿ ಕೇಂದ್ರವಿತ್ತು. ಫೋನ್ ಎತ್ತಿದವನು ಬಹಳ ಉತ್ಸಾಹದಲ್ಲಿದ್ದ. "ನೀವೇನೂ ತಲೆ ಕೆಡಿಸಿಕೋಬೇಡಿ ಅಮ್ಮ. ವಿಳಾಸ ಕೊಡಿ ಸಾಕು. ವ್ಯಾನಲ್ಲಿ ಬಂದು ಎತ್ತಾಕ್ಕೊಂಡು ಬರ್ತೀವಿ. ಕಿರುಚಿದರೆ ಬಾಯಿ ಕಟ್ಟೋಕೆ ಬಟ್ಟೆ ನಮ್ಮದೇ."

"ಡಾಕ್ಟರ್ ಇದ್ದಾರಾ?"

"ಡಾಕ್ಟರ್ ಯಾಕಮ್ಮ? ನಮ್ಮ ಹುಡುಗರು ಇದ್ದಾರಲ್ಲ, ಗಟ್ಟಿಮುಟ್ಟಾಗಿ."

ಅವಳು ಫೋನ್ ಇಟ್ಟಳು. ಆದರೆ ಇಡುವ ಮೊದಲು, ಕತ್ತಲಲ್ಲಿ ವ್ಯಾನ್ ಬಂದು ಹೋದರೆ ಯಾರೂ ನೋಡುವುದಿಲ್ಲವಲ್ಲ ಎಂದು ಒಂದು ಗಳಿಗೆ ಯೋಚಿಸಿದ್ದಳು. ಹಾಗೆ ಯೋಚಿಸಿದ್ದಕ್ಕೆ ಆ ದಿನ ಅಣ್ಣನಿಗೆ ಊಟ ಬಡಿಸುವಾಗ ಅವನ ಮುಖ ನೋಡಲು ಆಗಲಿಲ್ಲ.

ಕೊನೆಗೆ ಸಿಕ್ಕಿದ್ದು ಬೆಟ್ಟದ ಊರು. ಅಲ್ಲಿಗೆ ಇದ್ದದ್ದು ದಿನಕ್ಕೊಂದೇ ಬಸ್ಸು, ಅದರಲ್ಲಿ ಹೋಗುವ ಸಿಬ್ಬಂದಿ ಬೇರೆ ಡಿಪೋದವರು. ಫೋನ್ ಎತ್ತಿದ ಹೆಂಗಸು ಎಷ್ಟು ವರ್ಷದಿಂದ ಕುಡಿತ, ಬಿಟ್ಟಾಗ ಕೈ ನಡುಗುತ್ತದೆಯೇ, ಎಂದಾದರೂ ಫಿಟ್ಸ್ ಬಂದಿತ್ತೇ ಎಂದೆಲ್ಲ ವಿಚಾರಿಸಿದಳು. ಡಾಕ್ಟರು ಅಲ್ಲೇ ಇರುತ್ತಾರೆ, ಬಲವಂತವಾಗಿ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ ಎಂದಳು. ಹಾಸಿಗೆ ಖಾಲಿಯಾದರೆ ಫೋನ್ ಮಾಡುತ್ತೇನೆ ಎಂದಳು.

ಫೋನ್ ಬಂದದ್ದು ಬೆಳಗಿನ ರಶ್ಶಿನಲ್ಲಿ. ಮೈಕಮ್ಮ ಆಗ ತಾನೇ ಗಣಿಯ ಬಸ್ಸು ತಡವೆಂದು ಹೇಳಿ ಮುಗಿಸಿದ್ದಳು. ಮೈಕು ಚಾಲೂ ಇದೆಯೆಂದು ತೋರಿಸುವ ಕೆಂಪು ದೀಪ ಸುಟ್ಟುಹೋಗಿ ತಿಂಗಳುಗಳಾಗಿದ್ದವು, ಸ್ವಿಚ್ಚು ಒತ್ತಿದ್ದು ಕೈಗೆ ಮಾತ್ರ ನೆನಪಿರಬೇಕು. ಫೋನ್ ಕೈಗೆ ಬಂದ ಗಡಿಬಿಡಿಯಲ್ಲಿ ಆ ಕೈ ಸ್ವಿಚ್ಚನ್ನು ಮರೆಯಿತು.

ಇನ್ನೊಂದು ವಿಷಯ ಹೇಳಬೇಕು. ಹೇಳಿದ್ದನ್ನು ಮತ್ತೊಮ್ಮೆ ಸ್ಪಷ್ಟವಾಗಿ ಹೇಳುವುದು ಅವಳ ವೃತ್ತಿ. ಮೈಕಿನ ಮುಂದೆ ಕೂತರೆ ಆ ಅಭ್ಯಾಸ ತಾನಾಗಿ ಬರುತ್ತಿತ್ತು. ಮೂಗಿನಲ್ಲಿ ಮಾತಾಡುವುದು ಮರೆತೇಹೋಯಿತು.

"ಹಾಸಿಗೆ ಇದೆಯಾ? ಇವತ್ತು ಸಂಜೆಯೊಳಗೆ ಬರಬೇಕಾ? ಇವತ್ತು ಸಂಜೆಯೊಳಗೆ. ಬೆಟ್ಟದ ಬಸ್ಸು ಇಳಿದು, ಹಳೇ ಶಾಲೆ ಪಕ್ಕ. ಸರಿ, ಹಳೇ ಶಾಲೆ ಪಕ್ಕ."

ಆ ಕಡೆಯ ಹೆಂಗಸು ಕೇಳಿದಳು, "ಅವರು ನಿಮಗೆ ಏನಾಗಬೇಕು?"

ಮೈಕಮ್ಮ ಗೂಡಿನಲ್ಲಿ ಒಬ್ಬಳೇ ಇದ್ದಳು, ಆದರೂ ಬಾಗಿಲ ಕಡೆ ನೋಡಿದಳು.

"ನನಗಾ? ಏನೂ ಆಗಬೇಕಿಲ್ಲ. ನಮ್ಮ ಬೀದಿಯವನು. ಕುಡಿದು ಕುಡಿದು ಹಾಳಾಗಿದ್ದಾನೆ, ಪಾಪ, ಹಿಂದೆ ಮುಂದೆ ಯಾರೂ ಇಲ್ಲ. ನನಗೆ ಏನೂ ಆಗಬೇಕಿಲ್ಲ."

ಗಾಜಿನ ಆಚೆ ವಿಚಾರಣೆ ಕೌಂಟರಿನ ಗುಮಾಸ್ತ ಎರಡೂ ಕೈ ಬೀಸುತ್ತಿದ್ದ. ಚಹಾ ಬೇಕೇ ಎಂದು ಕೇಳುತ್ತಿದ್ದಾನೆ ಎಂದುಕೊಂಡು ಅವಳು ಆಮೇಲೆ ಎಂದು ಸನ್ನೆ ಮಾಡಿದಳು. ಅವನು ಬಾಯಿ ಮುಚ್ಚಿಕೊಳ್ಳುವಂತೆ ಅಭಿನಯಿಸಿದ. ಆಗ ಅವಳಿಗೆ ಹೊರಗಿನ ಮೌನ ಕೇಳಿಸಿತು. ಆ ಹೊತ್ತಿನಲ್ಲಿ ನಿಲ್ದಾಣ ಹಾಗೆ ಸುಮ್ಮನಿರುವುದುಂಟೇ? ಕೊನೆಯ ಪ್ಲಾಟ್‌ಫಾರ್ಮಿನ ಧ್ವನಿವರ್ಧಕದ ಹಾರ್ನ್‌ನಿಂದ ಅವಳದೇ ದನಿ, ಅಷ್ಟೇ ಇಂಪಾಗಿ, ಅಷ್ಟೇ ಸ್ಪಷ್ಟವಾಗಿ, ಸ್ವಲ್ಪ ತಡವಾಗಿ ಮರಳಿ ಬಂತು: ಏನೂ ಆಗಬೇಕಿಲ್ಲ.

ಸ್ವಿಚ್ಚು ಒತ್ತಿದಳು. ಬೆರಳು ಅದರ ಮೇಲೆಯೇ ಉಳಿಯಿತು.

ಯಾರೂ ನಗಲಿಲ್ಲ, ಅದೇ ಕಷ್ಟವಾಯಿತು. ದಿನಾ ಯಾರನ್ನಾದರೂ ಗೋಳುಹೊಯ್ದುಕೊಳ್ಳುವ ಕಂಡಕ್ಟರುಗಳು ಟಿಕೆಟ್ ಯಂತ್ರದಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದರು. ಗುಡಿಸುವವಳು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. ಅಣ್ಣ ಕುಡಿಯುತ್ತಾನೆ ಎಂಬುದು ಇವರಿಗೆಲ್ಲ ಯಾವತ್ತಿನಿಂದಲೋ ಗೊತ್ತಿತ್ತೆಂದು ಅವರ ಮುಖಗಳಿಂದಲೇ ಅವಳಿಗೆ ಅರ್ಥವಾಯಿತು. ಇವತ್ತು ಅವರಿಗೆ ಹೊಸದಾಗಿ ಗೊತ್ತಾದದ್ದು ಅವಳ ಬಗ್ಗೆ. ನಾಚಿಕೆ ಮೈಯೆಲ್ಲ ಹತ್ತಿ ಉರಿಯಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು, ಆದರೆ ಸಿಮೆಂಟಿನ ನೆಲ ಹಾಗೆಲ್ಲ ಬಾಯಿ ಬಿಡುವುದಿಲ್ಲ. ಎದ್ದು ಹೋಗಲೇಬೇಕಾಯಿತು.

ಟೈರ್ ವಿಭಾಗದ ತಗಡಿನ ಮಾಡಿನ ಮೇಲೆಯೇ ಒಂದು ಹಾರ್ನ್ ಇತ್ತು. ಕೆಳಗೆ ಅರ್ಧ ಬಿಚ್ಚಿದ ಚಕ್ರ ಬಿದ್ದಿತ್ತು, ಅಣ್ಣ ಇರಲಿಲ್ಲ.

"ಎಲ್ಲಿ ಹೋದ?" ಎಂದು ಮೇಸ್ತ್ರಿಯನ್ನು ಕೇಳಿದಳು.

ಮೇಸ್ತ್ರಿ ಗ್ರೀಸಿನ ಕೈ ಒರೆಸಿಕೊಂಡ. "ನಟ್ಟು ಬಿಚ್ಚೋ ಪಾನಾ ಕೆಳಗಿಟ್ಟ, ಕೈ ತೊಳ್ಕೊಂಡ, ಹೋದ. ಏನೂ ಅನ್ನಲಿಲ್ಲ ಮೇಡಂ." ಮೇಡಂ ಎಂದದ್ದು ಅವಳಿಗೆ ಚುಚ್ಚಿತು. ಅವನು ಅಣ್ಣನ ಹಳೆಯ ದೋಸ್ತ್, ಯಾವಾಗಲೂ ತಂಗ್ಯಮ್ಮ ಎನ್ನುತ್ತಿದ್ದವನು.

ಎಲ್ಲಿಗೆ ಹೋಗಿರುತ್ತಾನೆ ಎಂದು ಯೋಚಿಸಬೇಕಾಗಿರಲಿಲ್ಲ. ಇಂಥ ಮಾತು ಕೇಳಿದವನು ಕುಡಿಯಲು ಹೋಗದೆ ಇನ್ನೆಲ್ಲಿಗೆ ಹೋದಾನು? ಒಂದು ಗುಟುಕು ಒಳಗೆ ಇಳಿದರೆ ಇವತ್ತಿನ ಹಾಸಿಗೆಯೂ ಹೋಯಿತು, ಮೆಟ್ಟಿಲ ಮೇಲೆ ಕೇಳಿದ ಮಾತೂ ಹೋಯಿತು. ಮಾರುಕಟ್ಟೆಯ ಹಿಂದೆ ನಿಲ್ದಾಣದವರು ಯಾರೂ ಕಾಲಿಡದ ಒಂದು ಬಾರ್ ಇತ್ತು. ಅವನು ಅಲ್ಲಿಗೇ ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಆ ಬೀದಿಗೆ ಅವಳು ಎಂದೂ ಹೋಗಿರಲಿಲ್ಲ. ತಲೆ ತಗ್ಗಿಸಿಕೊಂಡು, ಗೋಡೆ ಸವರಿಕೊಂಡು ಹೋದಳು. ಒಳಗೆ ಹುಳಿ ವಾಸನೆ, ಒದ್ದೆ ಮೇಜುಗಳು. ಬೆಳಿಗ್ಗೆಯೇ ಕೂತಿದ್ದ ಇಬ್ಬರು ಅವಳನ್ನು ಕಂಡು ಲೋಟವನ್ನು ಮೇಜಿನ ಕೆಳಗೆ ಇಳಿಸಿದರು.

ಅವಳು ಬಾಯಿ ತೆರೆದದ್ದೇ ತಡ, ಗಲ್ಲಾದಲ್ಲಿದ್ದ ಮಾಲೀಕ ಎದ್ದು ನಿಂತ.

"ಬಸ್ ಸ್ಟ್ಯಾಂಡ್ ಮೇಡಂ ಅಲ್ವಾ? ದಿನಾ ಕೇಳ್ತೀವಿ, ಇಲ್ಲಿವರೆಗೂ ಬರುತ್ತೆ ದನಿ." ಆಮೇಲೆ ಕಣ್ಣು ತಪ್ಪಿಸಿದ. "ಇವತ್ತೂ ಕೇಳಿಸ್ತು."

"ಟೈರ್ ಕೆಲಸದವರು. ಎತ್ತರಕ್ಕಿದ್ದಾರೆ, ಕಿವಿ ಹತ್ರ ಹಳೇ ಗಾಯ. ಬಂದಿದ್ದರಾ?"

"ಇಲ್ಲ, ಇವತ್ತು ಬಂದಿಲ್ಲ." ಮಾಲೀಕ ಸ್ವಲ್ಪ ಹೊತ್ತು ಬಟ್ಟೆಯಿಂದ ಗಲ್ಲಾ ಒರೆಸಿದ. "ಅಂದ್ರೆ ನೀವು ಫೋನಲ್ಲಿ ಹೇಳಿದ್ದು ಅವನ ಬಗ್ಗೇನಾ? ಹಾಗಿದ್ರೆ ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಹೋದ ವರ್ಷ ಇಲ್ಲೊಬ್ಬ ನಿಮ್ಮ ದನಿ ಅಣಕಿಸಿದ. ಕೆಟ್ಟದಾಗಿ. ಇವನು ಎದ್ದು ಹೋಗಿ ಅವನ ಹಲ್ಲು ಉದುರಿಸಿದ. ಬಿಡಿಸೋಕೆ ನಾಲ್ಕು ಜನ ಬೇಕಾಯ್ತು. ನಾನು ಕೇಳಿದೆ, ಆ ಹೆಂಗಸು ನಿನಗೆ ಏನಾಗಬೇಕಯ್ಯ ಅಂತ. ಏನೂ ಆಗಬೇಕಿಲ್ಲ ಅಂದ. ಯಾರ ಮನೆ ಹೆಣ್ಣುಮಕ್ಕಳೋ, ಇಂಥ ಜಾಗದಲ್ಲಿ ಅವರ ವಿಷಯ ಎತ್ತಬಾರದು ಅಂದ."

ಅವಳು ಏನು ಹೇಳಿದಳೋ, ಹೇಗೆ ಹೊರಗೆ ಬಂದಳೋ ತಿಳಿಯದು. ಅಣ್ಣ ತಂಗಿ ಇಬ್ಬರೂ ಹೇಳಿದ್ದು ಅಕ್ಷರ ತಪ್ಪದೆ ಒಂದೇ ಮಾತು. ಅವನು ಅವಳ ಮಾನ ಉಳಿಸಲು ಹೇಳಿದ್ದ, ಅವಳು ತನ್ನದನ್ನು ಉಳಿಸಿಕೊಳ್ಳಲು ಹೇಳಿದ್ದಳು. ಮಾರುಕಟ್ಟೆಯ ನಡುವೆ ನಿಂತು ಅತ್ತಳು. ಇವತ್ತು ಯಾರು ನೋಡಿದರೆ ತಾನೇ ಏನು?

ನಿಲ್ದಾಣಕ್ಕೆ ಮರಳಿದಾಗ ಅವಳ ಜಾಗದಲ್ಲಿ ಗುಮಾಸ್ತ ಕೂತು ಕೆಮ್ಮುತ್ತಾ ತಡವರಿಸುತ್ತಾ ಬೆಟ್ಟದ ಬಸ್ಸು ಹೊರಡುತ್ತಿದೆ ಎಂದು ಕೂಗುತ್ತಿದ್ದ. ಅವನ ಗಂಟಲಿನಲ್ಲಿ ಕಪ್ಪೆ ಕೂತಂತಿತ್ತು. ಅವಳು ಸುಮ್ಮನೆ ಆ ಬಸ್ಸಿನತ್ತ ನೋಡಿದಳು. ಹಿಂದಿನ ಸೀಟಿನ ಕಿಟಕಿಯಲ್ಲಿ ಅಣ್ಣ ಕೂತಿದ್ದ. ಒಗೆದ ಅಂಗಿ ಹಾಕಿಕೊಂಡಿದ್ದ, ತೊಡೆಯ ಮೇಲೆ ಬಟ್ಟೆಯ ಚೀಲವಿತ್ತು. ಮನೆಗೆ ಹೋಗಿ ಬಂದಿದ್ದ, ಬಾರ್‌ಗಲ್ಲ.

ಅವಳು ಹತ್ತಿ ಪಕ್ಕದಲ್ಲಿ ಕೂತಳು. ಅವನು ಸ್ವಲ್ಪ ಸರಿದು ಜಾಗ ಬಿಟ್ಟ, ಬಸ್ಸಿನಲ್ಲಿ ಯಾರು ಬಂದರೂ ಬಿಡುವಷ್ಟು. ಅವನ ಕೈ ಎಂದಿಗಿಂತ ಹೆಚ್ಚು ನಡುಗುತ್ತಿತ್ತು, ಹಣೆಯ ಮೇಲೆ ಬೆವರಿತ್ತು.

"ಅಣ್ಣ, ಇಳಿ" ಎಂದಳು. "ಇಲ್ಲೇ ಆಸ್ಪತ್ರೆಗೆ ಹೋಗೋಣ. ಈಗ ಮುಚ್ಚಿಡೋದೇನಿದೆ."

ಅವನು ಕಿಟಕಿಯ ಕಡೆ ನೋಡುತ್ತಲೇ ಹೇಳಿದ. "ಇಷ್ಟು ದೂರ ಹುಡುಕಿದ್ದಾಯ್ತಲ್ಲ. ಅಷ್ಟು ದೂರ ಹೋದರಾಯ್ತು."

ಬೆಟ್ಟ ಹತ್ತುವ ತನಕ ಅವಳು ಎಷ್ಟೋ ಸಲ ಬಾಯಿ ತೆರೆದಳು. ತಪ್ಪಾಯಿತು ಎನ್ನಬೇಕು, ಅಷ್ಟೇ. ಸಾವಿರ ಜನರ ಮುಂದೆ ತಡವರಿಸದ ನಾಲಿಗೆ ಒಬ್ಬನ ಮುಂದೆ ಏಳಲಿಲ್ಲ. ಒಂದು ತಿರುವಿನಲ್ಲಿ ಅವನು ವಾಂತಿ ಮಾಡಿಕೊಂಡ. ಅವಳು ನೀರಿನ ಬಾಟಲಿ ಹಿಡಿದಳು. ಅವನು ಕುಡಿದು, ಬಾಯಿ ಒರೆಸಿಕೊಂಡು, "ಥ್ಯಾಂಕ್ಸ್" ಎಂದ. ಹುಟ್ಟಿದಾಗಿನಿಂದ ಅವನು ಅವಳಿಗೆ ಆ ಪದ ಹೇಳಿರಲಿಲ್ಲ.

ಹಳೇ ಶಾಲೆಯ ಪಕ್ಕದ ಕಟ್ಟಡ ಉದ್ದಕ್ಕಿತ್ತು. ಜಗಲಿಯಲ್ಲಿ ಬೆಂಚುಗಳು, ಒಳಗೆ ಫಿನಾಯಿಲಿನ ವಾಸನೆ, ಯಾವುದೋ ಕೋಣೆಯಿಂದ ಯಾರೋ ಕೆಮ್ಮುವ ಸದ್ದು. ಸ್ವೆಟರ್ ಹಾಕಿಕೊಂಡ ಹೆಂಗಸೊಬ್ಬಳು ಮೇಜಿನ ಹಿಂದಿನಿಂದ ಎದ್ದು ಬಂದಳು. ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ ನಾಡಿ ನೋಡಿದಳು. "ನೀವೇ ಬಂದ್ರಲ್ಲ, ಅರ್ಧ ಕೆಲಸ ಆದ ಹಾಗೆ" ಎಂದು ಅವನಿಗೆ ಹೇಳಿದಳು. ಆಮೇಲೆ ಮೈಕಮ್ಮನ ಕಡೆ ತಿರುಗಿದಳು.

"ಬೆಳಿಗ್ಗೆ ಮಾತಾಡಿದ್ದು ನಿಮ್ಮ ಜೊತೇನೇ ಅಲ್ವಾ? ನೋಡಿ, ಇಲ್ಲಿಗೆ ಸ್ವಂತ ಮನೆಯವರೇ ಗೇಟಿನವರೆಗೆ ಬಿಟ್ಟು ಓಡಿಹೋಗ್ತಾರೆ. ನೀವು ಬೀದಿಯವರಿಗೋಸ್ಕರ ಇಷ್ಟು ದೂರ ಬಂದ್ರಿ. ದೊಡ್ಡ ಮನಸ್ಸು ನಿಮ್ಮದು."

ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಮೈಕಮ್ಮ ಅಣ್ಣನನ್ನು ನೋಡಿದಳು. ಈಗ ಹೇಳುತ್ತಾನೆ, ಹೇಳಲಿ, ಈ ಅಪರಿಚಿತ ಹೆಂಗಸಿನ ಮುಂದೆ ನನ್ನ ಬಂಡವಾಳ ಬಿಚ್ಚಿಡಲಿ ಎಂದು ಕಾದಳು.

"ಹೌದು ಮೇಡಂ" ಎಂದ ಅವನು. "ಇವರು ತುಂಬ ಒಳ್ಳೆಯವರು. ನಮ್ಮ ಬೀದಿಯಲ್ಲೇ ಇರೋದು."

ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಡುಗುವ ದವಡೆಯನ್ನು ಬಿಗಿಹಿಡಿದು ಅವನು ಅವಳ ಸುಳ್ಳನ್ನು ಅವಳಿಗಾಗಿ ಹೊತ್ತುಕೊಂಡಿದ್ದ. ಚಡ್ಡಿ ಹಾಕುವ ವಯಸ್ಸಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು ಅವಳನ್ನು ಇವರು ಎಂದ.

"ಅಲ್ಲ" ಎಂದಳು ಮೈಕಮ್ಮ. ಒಡಕು ದನಿ ಬಂತು, ಅವಳಿಗೇ ಗುರುತು ಸಿಗದಂಥದ್ದು. "ನಾನು ಇವನ ತಂಗಿ. ಇವನು ಸಾಕಿದ ತಂಗಿ. ಫೋನಲ್ಲಿ ಸುಳ್ಳು ಹೇಳಿದೆ. ನಾಚಿಕೆಗೆ."

ಸ್ವೆಟರಿನ ಹೆಂಗಸು ಇಬ್ಬರನ್ನೂ ನೋಡಿದಳು. "ಆಗಲಿ" ಎಂದಳು. "ಫೋನ್ ಮಾಡೋರಲ್ಲಿ ಅರ್ಧ ಜನ ಪಕ್ಕದ ಮನೆಯವರಿಗೆ ಅಂತಾನೇ ಕೇಳೋದು." ಸಮಾಧಾನಕ್ಕೆಂದು ಹೇಳಿದ್ದು, ಸಮಾಧಾನವಾಗಲಿಲ್ಲ. ಅಣ್ಣ ನೆಲ ನೋಡುತ್ತಿದ್ದ.

ಒಳಗೆ ಹೋಗುವ ಮೊದಲು ಬೆಲ್ಟು, ಬ್ಲೇಡು, ಮೊಬೈಲು, ವಾಚು ಎಲ್ಲ ಕೊಡಬೇಕಿತ್ತು. ಅವನು ಒಂದೊಂದಾಗಿ ಮೇಜಿನ ಮೇಲೆ ಇಟ್ಟ. ವಾಚಿನ ಪಟ್ಟಿ ಮಾತ್ರ ಬಿಚ್ಚಲಾಗಲಿಲ್ಲ. ಬೆರಳು ಕೊಂಡಿಯ ಮೇಲೆ ಜಾರಿ ಜಾರಿ ಹೋಗುತ್ತಿತ್ತು. ನೂರಾರು ಚಕ್ರ ಕಳಚಿದ ಕೈಗೆ ಅಷ್ಟೂ ಆಗದ್ದಕ್ಕೆ ಅವನ ಮುಖ ಕೆಂಪಾಯಿತು. ಸ್ವೆಟರಿನ ಹೆಂಗಸು ಸಹಾಯಕ್ಕೆ ಕೈ ಚಾಚಿದಳು. ಅವನು ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಆಮೇಲೆ ಮುಖ ಆ ಕಡೆ ಮಾಡಿಕೊಂಡೇ ಮೈಕಮ್ಮನ ಮುಂದೆ ಮಣಿಕಟ್ಟು ಹಿಡಿದ.

"ಬಿಚ್ಚೇ" ಎಂದ.

ಅವಳು ಮಂಡಿಯೂರಿ ಕೂತು ಪಟ್ಟಿಗೆ ಕೈ ಹಾಕಿದಳು. ಅವಳ ಬೆರಳೂ ಕೊಂಡಿಯ ಮೇಲೆ ಜಾರಿತು. ಕೊಂಡಿ ಬಿಡಿಸುವುದಕ್ಕೆ ತುಂಬ ಹೊತ್ತು ಹಿಡಿಯಿತು, ಅಷ್ಟು ಹೊತ್ತೂ ಅವಳು ತಲೆ ಎತ್ತಲಿಲ್ಲ.